ಫ್ಲಾರೆನ್ಸ್ ನಗರದ ನಡುವೆ ಒಂದು ಕಾಲ್ನಡಿಗೆ

ಶಾಸನವೊಂದನ್ನು ಓದುವ ಚರಿತ್ರಕಾರನು ಮೊದಲು ಅದರ ಕಾಲವನ್ನು ನಿರ್ಣಯಿಸಿಕೊಳ್ಳುತ್ತಾನೆ. ಆದರೆ ಹಳೆಯ ನಗರವೊಂದರ ಬೀದಿಯಲ್ಲಿ ನಡೆಯುವಾಗ ಈ ಎಚ್ಚರವು ನಮ್ಮಲ್ಲಿ ಅನೇಕರಿಗೆ ಇರುವುದಿಲ್ಲ. ಅಲ್ಲಿ ಕಾಣುವುದೆಲ್ಲವೂ ಹಳೆಯದೆಂದೇ ನಂಬುತ್ತೇವೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪ್ರಧಾನ ಇಗರ್ಜಿಯಿಂದ ಆರ್ನೋ ನದಿಯವರೆಗಿನ ಸುಮಾರು ಒಂದು ಕಿಲೋಮೀಟರ್ ಹಾದಿಯನ್ನು ಸಾವಧಾನವಾಗಿ ನಡೆದವರಿಗೆ ಈ ನಂಬಿಕೆ ಎಷ್ಟು ದುರ್ಬಲವೆಂಬುದು ವಿದಿತವಾಗುತ್ತದೆ.

ಇಗರ್ಜಿಗೆ ಅಸ್ತಿಭಾರವನ್ನು ಹಾಕಿದುದು 1296ರಲ್ಲಿ. ಬ್ರುನೆಲ್ಲೆಸ್ಕಿಯು ಅದರ ಮಹಾಗುಮ್ಮಟವನ್ನು 1420ರಿಂದ 1436ರವರೆಗೆ ಕಟ್ಟಿದನು. ಆದರೆ ನೋಡುಗರನ್ನು ಮೊದಲು ಸೆರೆಹಿಡಿಯುವ ಬಣ್ಣಬಣ್ಣದ ಅಮೃತಶಿಲೆಯ ಮುಂಭಾಗವು ಪೂರ್ಣಗೊಂಡುದು 1887ರಲ್ಲಿ.

ಅಲ್ಲಿಂದ ವಿಯಾ ರೋಮಾ ಬೀದಿಯನ್ನು ಹಿಡಿದು ದಕ್ಷಿಣಕ್ಕೆ ನಡೆದರೆ ರಿಪಬ್ಲಿಕ್ ಚೌಕವು ದೊರೆಯುತ್ತದೆ. ರೋಮನರು ಕಟ್ಟಿದ ಊರಿನ ಸಾರ್ವಜನಿಕ ಚೌಕವಿದ್ದುದು ಇಲ್ಲಿಯೇ. ಮಧ್ಯಯುಗದಲ್ಲಿ ಇದು ಸಂತೆಯಾಯಿತು. 1571ರಲ್ಲಿ ಇದರ ಪಕ್ಕದಲ್ಲಿಯೇ ಯೆಹೂದ್ಯರನ್ನು ಪ್ರತ್ಯೇಕವಾಗಿ ಇರಿಸುವ ಕೇರಿಯು ಏರ್ಪಟ್ಟಿತು. 1885ರಿಂದ 1895ರವರೆಗೆ ಆರೋಗ್ಯ ಮತ್ತು ನೈರ್ಮಲ್ಯದ ಹೆಸರಿನಲ್ಲಿ ಇವೆಲ್ಲವನ್ನೂ ಕೆಡವಲಾಯಿತು. ಪುರಾತನ ನಗರಕೇಂದ್ರವು ಶತಮಾನಗಳ ಹೊಲಸಿನಿಂದ ಬಿಡುಗಡೆ ಹೊಂದಿ ಹೊಸ ಬಾಳನ್ನು ಪಡೆಯಿತೆಂದು ಚೌಕದ ದೊಡ್ಡ ಕಮಾನಿನ ಮೇಲಿನ ಶಾಸನವು ಸಾರುತ್ತದೆ. ಅಲ್ಲಿಂದ ಎದ್ದುಹೋಗಬೇಕಾದ ಬಡ ನಿವಾಸಿಗಳ ಮಾತು ಅದರಲ್ಲಿ ಇಲ್ಲ.

ಪೂರ್ವಕ್ಕೆ ಕೆಲವೇ ಹೆಜ್ಜೆಗಳಲ್ಲಿ ಓರ್ಸಾನ್‌ಮಿಕೇಲೆ ಕಟ್ಟಡವಿದೆ. 1337ರಲ್ಲಿ ಧಾನ್ಯದ ಮಾರುಕಟ್ಟೆಯಾಗಿ ಆರಂಭವಾದ ಇದು ಮುಂದೆ ಇಗರ್ಜಿಯಾಯಿತು. ಇದರ ಹೊರಗೋಡೆಯ ಗೂಡುಗಳಲ್ಲಿ ನಗರದ ವೃತ್ತಿಸಂಘಗಳು ತಮ್ಮ ತಮ್ಮ ಸಂತರ ವಿಗ್ರಹಗಳನ್ನು ನಿಲ್ಲಿಸಿದುವು. ಕವಚ ತಯಾರಿಸುವವರ ಸಂಘಕ್ಕಾಗಿ ದೊನಾತೆಲ್ಲೊ ಕಡೆದ ಸಂತ ಜಾರ್ಜನು ಈಗ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿದ್ದಾನೆ, ಗೂಡಿನಲ್ಲಿರುವುದು ಪ್ರತಿಕೃತಿ. ಮುಂದಿನ ಸಿನ್ಯೋರಿಯಾ ಚೌಕದಲ್ಲಿಯೂ ಹೀಗೆಯೇ. ಮೈಕೆಲೆಂಜೆಲೊನ ಡೇವಿಡ್ ವಿಗ್ರಹವನ್ನು ಮಳೆಬಿಸಿಲಿನಿಂದ ರಕ್ಷಿಸಲು 1873ರಲ್ಲಿ ಒಳಗೆ ಸಾಗಿಸಲಾಯಿತು. ಈಗ ಅಲ್ಲಿ ನಿಂತಿರುವ ಪ್ರತಿಕೃತಿಯು 1910ರದು.

ಕೊನೆಗೆ ಪೋರ್ ಸಾಂತಾ ಮರೀಯಾ ಬೀದಿಯು ನಮ್ಮನ್ನು 1345ರ ಹಳೆಯ ಸೇತುವೆಗೆ ಕರೆದೊಯ್ಯುತ್ತದೆ. 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ನಗರದ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ, ಇದೊಂದನ್ನು ಉಳಿಸಿತು. ಆದರೆ ಇದರ ಹಾದಿಯನ್ನು ಮುಚ್ಚಲು ಎರಡು ತುದಿಗಳಲ್ಲಿದ್ದ ಮಧ್ಯಯುಗದ ಮನೆಗಳನ್ನು ನೆಲಸಮಗೊಳಿಸಿತು. ಆದುದರಿಂದ ಈ ಬೀದಿಯ ಬಹುಪಾಲು ಕಟ್ಟಡಗಳು ಯುದ್ಧಾನಂತರದವು. ಸಮೀಪದ ಸಾಂತಾ ತ್ರಿನಿತಾ ಸೇತುವೆಯನ್ನಾದರೋ, ನದಿಯಿಂದ ಎತ್ತಿದ ಕಲ್ಲುಗಳನ್ನೂ ಬಳಸಿ 1958ರ ವೇಳೆಗೆ ಹಿಂದಿನ ರೂಪದಲ್ಲಿಯೇ ಮರಳಿ ಕಟ್ಟಲಾಯಿತು.

ಹೀಗೆ ಈ ಕಿರುಹಾದಿಯಲ್ಲಿ ಎರಡು ವಿನಾಶಗಳು ನಡೆದಿವೆ. ಶತ್ರುವು ಮಾಡಿದುದನ್ನು ಜಗತ್ತು ನೆನೆದು ಮರುಗುತ್ತದೆ; ನಗರವು ತಾನೇ ಮಾಡಿಕೊಂಡುದನ್ನು ಕಲ್ಲಿನಲ್ಲಿ ಹೆಮ್ಮೆಯಿಂದ ಬರೆಯಿಸಿದೆ. ಚರಿತ್ರಕಾರನ ದೃಷ್ಟಿಯಲ್ಲಿ ಎರಡರಿಂದಲೂ ಅಳಿದುದು ಆಧಾರವೇ. ಎರಡನ್ನೂ ಮೀರಿ ಉಳಿದಿರುವುದು ದಾರಿಯ ಗೆರೆ. ವಿಯಾ ರೋಮಾ ಬೀದಿಯು ಇಂದಿಗೂ ರೋಮನ್ ಊರಿನ ಉತ್ತರ-ದಕ್ಷಿಣ ಹೆದ್ದಾರಿಯ ಜಾಡಿನಲ್ಲಿಯೇ ಸಾಗುತ್ತದೆ. ನಿಧಾನವಾಗಿ ನಡೆಯುತ್ತ, ಪ್ರತಿಯೊಂದು ಗೋಡೆಯ ಮುಂದೆಯೂ ನಿಂತು ಅದರ ವಯಸ್ಸನ್ನು ವಿಚಾರಿಸುವವನಿಗೆ ಮಾತ್ರ ಈ ನಗರವು ತನ್ನ ನಿಜವಾದ ಚರಿತ್ರೆಯನ್ನು ಹೇಳುತ್ತದೆ.