ಮಳಖೇಡದ ಪುಟ್ಟ ಪುಸ್ತಕ ಕೇಳುವ ಪ್ರಶ್ನೆಗಳು

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಒಂದೇ ಬಗೆಯ ಪುಸ್ತಕಕ್ಕೆ ಬೇಡಿಕೆ. ಅದರ ಹೆಸರು ಗೈಡ್. ಪ್ರಶ್ನೆಯನ್ನೂ ಅದೇ ಕೇಳುತ್ತದೆ, ಉತ್ತರವನ್ನೂ ಅದೇ ಕೊಡುತ್ತದೆ. ವಿದ್ಯಾರ್ಥಿ ಮಾಡಬೇಕಾದದ್ದು ಬಾಯಿಪಾಠ ಮಾಡುವುದಷ್ಟೆ. ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಂಥ ಊರಿನಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಗೈಡ್ ಬಿಟ್ಟು ಬೇರೆ ಪುಸ್ತಕ ಹಿಡಿದು ಕುಳಿತರೆ, ಮನೆಯ ಹಿರಿಯರು ಕೇಳುವ ಮೊದಲ ಮಾತು, 'ಇದು ಪರೀಕ್ಷಾದಾಗ ಬರ್ತದೇನು?'

ಹಾಗೆ ಕೇಳುವವರನ್ನು ದೂರುವಂತಿಲ್ಲ. ಮಳೆ ಕೈಕೊಟ್ಟರೆ ತೊಗರಿ ಹೋಯಿತು, ತೊಗರಿ ಹೋದರೆ ವರ್ಷವೇ ಹೋಯಿತು ಎನ್ನುವ ಸೀಮೆ ಇದು. ಮಕ್ಕಳಾದರೂ ಓದಿ ಒಂದು ದಡ ಸೇರಲಿ ಎಂಬ ಆಸೆ ಯಾವ ತಂದೆತಾಯಿಗಿಲ್ಲ? ಆದರೆ 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕಟ್ಟಕಡೆಗೆ ನಿಂತಿತು. ಪರೀಕ್ಷೆಗೆ ಕುಳಿತ ಪ್ರತಿ ನೂರು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತೀರ್ಣರಾಗಲಿಲ್ಲ. ಜಿಲ್ಲೆಗೆ ಅದೊಂದು ಅಂಕಿ. ಆ ದಿನ ಮನೆಯ ಮೂಲೆ ಹಿಡಿದು ಕುಳಿತ ಹುಡುಗ-ಹುಡುಗಿಗೆ ಮಾತ್ರ ಅದು 'ನಾನು ದಡ್ಡ' ಎಂಬ ತೀರ್ಪು. ಆ ತೀರ್ಪನ್ನು ಅಳಿಸುವ ಉತ್ತರ ಯಾವ ಗೈಡ್‌ನಲ್ಲೂ ಇಲ್ಲ.

ವಿಶೇಷವೆಂದರೆ, ಬೇರೆಯೇ ಬಗೆಯ ಪ್ರಶ್ನೋತ್ತರದ ಪುಸ್ತಕವೊಂದರ ಹೆಸರು ಇದೇ ಜಿಲ್ಲೆಯ ನೆಲಕ್ಕೆ ಅಂಟಿಕೊಂಡಿದೆ. ಅದು 'ಪ್ರಶ್ನೋತ್ತರ ರತ್ನಮಾಲಿಕೆ'. ಸಾವಿರದ ನೂರು ವರ್ಷಗಳಿಗೂ ಹಿಂದಿನ ಪುಟ್ಟ ಸಂಸ್ಕೃತ ಕೃತಿ.

ರಾಜಧಾನಿಯ ನೆನಪು

ಗೊಬ್ಬೂರಿನಿಂದ ಬಸ್ಸು ಹಿಡಿದು ಕಲಬುರಗಿಗೆ ಬಂದು, ಅಲ್ಲಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ಇಂದು ಅದೊಂದು ಸಾಮಾನ್ಯ ಊರು, ಹಾಳುಬಿದ್ದ ಕೋಟೆ. ಅಂದು ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ ಅಲ್ಲಿ ಆಳಿದವನು ಅಮೋಘವರ್ಷ ನೃಪತುಂಗ. ಅರಬ್ಬೀ ವರ್ತಕ ಸುಲೈಮಾನನು ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ರಾಷ್ಟ್ರಕೂಟರ ಅರಸನನ್ನೂ ಎಣಿಸಿದ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಇವನ ಆಸ್ಥಾನದಲ್ಲೇ ಹುಟ್ಟಿತು. ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೊಗಳಿರುವುದೂ ಇವನನ್ನೇ. ಕಾವ್ಯ, ಗಣಿತ, ವ್ಯಾಕರಣ ಮೂರೂ ಒಂದೇ ಕಾಲದಲ್ಲಿ ಬೆಳೆದ ನೆಲ ಇದು.

'ಪ್ರಶ್ನೋತ್ತರ ರತ್ನಮಾಲಿಕೆ'ಯನ್ನು ಬರೆದವನು ವಿವೇಕದಿಂದ ರಾಜ್ಯವನ್ನು ತೊರೆದ ಅಮೋಘವರ್ಷ ಎಂದು ದಿಗಂಬರ ಜೈನ ಪರಂಪರೆಯ ಪ್ರತಿಗಳು ಹೇಳುತ್ತವೆ. ಟಿಬೆಟ್ಟಿನ ಭಾಷೆಗೆ ಆದ ಹಳೆಯ ಅನುವಾದವೂ ಅವನ ಹೆಸರನ್ನೇ ಹೇಳುತ್ತದೆ. ಶ್ವೇತಾಂಬರರು ಅದನ್ನು ವಿಮಲನೆಂಬವನದು ಎನ್ನುತ್ತಾರೆ. ಶಂಕರಾಚಾರ್ಯರ ಹೆಸರಿನಲ್ಲೂ ಒಂದು ದೊಡ್ಡ ಪಾಠ ಪ್ರಚಾರದಲ್ಲಿದೆ. ವಿದ್ವಾಂಸರ ಈ ಚರ್ಚೆ ಏನೇ ಇರಲಿ, ಜೈನರು, ಬೌದ್ಧರು, ವೈದಿಕರು ಮೂವರೂ ಕಾಪಾಡಿಕೊಂಡು ಬಂದ ಪುಸ್ತಕಗಳು ಎಷ್ಟಿವೆ? ಟಿಬೆಟ್ಟಿನ ಅನುವಾದವನ್ನು 1858ರಲ್ಲಿ ಆಂಟನ್ ಶೀಫ್ನರ್ ಎಂಬ ವಿದ್ವಾಂಸ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅಚ್ಚು ಹಾಕಿಸಿದ. ಕಾಗಿಣಾ ದಡದ ಮಾತು ಹಿಮಾಲಯ ದಾಟಿ ಅಲ್ಲಿಯವರೆಗೆ ನಡೆದಿತ್ತು.

ಉತ್ತರಕ್ಕಿಂತ ಪ್ರಶ್ನೆ ದೊಡ್ಡದು

ಪುಸ್ತಕದ ರೀತಿ ತುಂಬ ಸರಳ. ಒಂದು ಚಿಕ್ಕ ಪ್ರಶ್ನೆ, ಅದಕ್ಕೊಂದು ಚಿಕ್ಕ ಉತ್ತರ. ಜೈನ ಪರಂಪರೆಯ ಪ್ರತಿಯಲ್ಲಿ ಮೂವತ್ತು ಶ್ಲೋಕಗಳೂ ತುಂಬುವುದಿಲ್ಲ. ಕುರುಡ ಯಾರು, ಕಿವುಡ ಯಾರು ಎಂದು ಕೇಳಿ ಕಣ್ಣು-ಕಿವಿಯ ಮಾತನ್ನೇ ಅದು ಬದಿಗಿಡುತ್ತದೆ. ಹಿತವಾದ ಮಾತು ಕಿವಿಗೆ ಬಿದ್ದರೂ ಒಳಗಿಳಿಸಿಕೊಳ್ಳದವನ ಕಡೆಗೆ ಬೆರಳು ತೋರಿಸುತ್ತದೆ. ಮನುಷ್ಯನ ವೈರಿಯನ್ನು ಊರ ಹೊರಗೆ ಹುಡುಕದೆ, ಪ್ರಯತ್ನಕ್ಕೆ ಇಳಿಯದ ನಮ್ಮ ಸ್ವಭಾವದಲ್ಲೇ ಕಾಣಿಸುತ್ತದೆ. ಯಾರಿಗೂ ಕಾಣದಂತೆ ಮಾಡಿದ ತಪ್ಪು ಕೊನೆಯ ದಿನದವರೆಗೂ ಹೇಗೆ ಚುಚ್ಚುತ್ತದೆಂದು ನೆನಪಿಸುತ್ತದೆ. ಬೆಲೆ ಕಟ್ಟಲಾಗದ್ದು ಯಾವುದೆಂದು ಕೇಳಿ, ಚಿನ್ನ-ವಜ್ರಗಳನ್ನು ಬಿಟ್ಟು, ಬೇಕಾದ ಹೊತ್ತಿಗೆ ಸರಿಯಾಗಿ ಕೊಟ್ಟದ್ದನ್ನು ಹೆಸರಿಸುತ್ತದೆ.

ಇಂಥ ಉತ್ತರಗಳನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಆದರೆ ಬಾಯಿಪಾಠದಿಂದ ಇಲ್ಲಿ ಏನೂ ದಕ್ಕುವುದಿಲ್ಲ. ಗೈಡ್‌ನ ಪ್ರಶ್ನೆಗೆ ಉತ್ತರ ಬರೆದ ಕೂಡಲೇ ಆ ಪ್ರಶ್ನೆ ಮುಗಿಯುತ್ತದೆ. ಈ ಪುಸ್ತಕದ ಪ್ರಶ್ನೆ ಓದಿದವನ ಬೆನ್ನು ಹತ್ತುತ್ತದೆ. ಕಿವುಡ ಯಾರು ಎಂಬುದನ್ನು ಓದಿದ ವಿದ್ಯಾರ್ಥಿ, ನಿನ್ನೆ ಶಾಲೆಯಲ್ಲಿ ಗುರುಗಳು ಹೇಳಿದ ಯಾವ ಮಾತನ್ನು ತಾನು ಕೇಳಿಸಿಕೊಳ್ಳಲಿಲ್ಲ ಎಂದು ಯೋಚಿಸಿದರೆ ಆಗ ಪುಸ್ತಕ ಕೆಲಸ ಮಾಡತೊಡಗಿದೆ ಎಂದರ್ಥ. ಅದೇ ಸಾಲನ್ನು ಓದಿದ ತಂದೆ, ಮಗ ಹೇಳಬಂದ ಯಾವ ಮಾತನ್ನು ತಾನು ನಡುವೆಯೇ ತಡೆದೆ ಎಂದು ನೆನೆಯಬೇಕಾಗುತ್ತದೆ. ಹದಿನೈದರ ವಯಸ್ಸಿನಲ್ಲಿ ಬಂದ ಉತ್ತರ ನಲವತ್ತರಲ್ಲಿ ಬೇರೆಯಾದೀತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಇಂಥ ಪುಸ್ತಕದ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡರೆ ಅದು ವಿವೇಕ. ಇನ್ನೊಬ್ಬರ ಮೇಲೆ ಎಸೆದರೆ ಅದು ಬೈಗುಳ. 'ಸೋಮಾರಿತನವೇ ನಿನ್ನ ವೈರಿ ಅಂತ ದೊಡ್ಡವರು ಬರೆದಾರ ನೋಡು' ಎಂದು ನಪಾಸಾದ ಮಗುವಿನ ಮುಂದೆ ಪುಸ್ತಕ ಹಿಡಿದರೆ, ಆ ಮಗು ಮತ್ತೆಂದೂ ಪುಸ್ತಕ ಮುಟ್ಟಲಿಕ್ಕಿಲ್ಲ.

ಹದಿನಾಲ್ಕರ ದೊರೆ

ಈ ಎಚ್ಚರಿಕೆಗೆ ನೃಪತುಂಗನ ಬಾಳೇ ಸಾಕ್ಷಿ. ಅವನು ಪಟ್ಟಕ್ಕೆ ಬಂದಾಗ ವಯಸ್ಸು ಸುಮಾರು ಹದಿನಾಲ್ಕು. ಇಂದಿನ ಲೆಕ್ಕದಲ್ಲಿ ಒಂಬತ್ತನೆಯ ತರಗತಿಯ ಹುಡುಗ! ತಂದೆ ಮೂರನೆಯ ಗೋವಿಂದ ತೀರಿಕೊಂಡಿದ್ದ. ಕೆಲವೇ ವರ್ಷಗಳಲ್ಲಿ ಸಾಮಂತರೂ ನೆಂಟರೂ ದಂಗೆಯೆದ್ದರು, ಕೆಲಕಾಲ ಅಧಿಕಾರವೇ ಕೈತಪ್ಪಿತು. ಗುಜರಾತಿನಲ್ಲಿ ಆಳುತ್ತಿದ್ದ ಚಿಕ್ಕಪ್ಪನ ಮಗ ಕರ್ಕ ಬೆನ್ನಿಗೆ ನಿಂತದ್ದರಿಂದ 821ರ ಹೊತ್ತಿಗೆ ಹುಡುಗ ಮತ್ತೆ ಸಿಂಹಾಸನದಲ್ಲಿದ್ದ. ಮುಂದೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದ.

ಆ ದಿನಗಳಲ್ಲಿ ಕರ್ಕನು 'ರಾಜ್ಯ ಕಾಯಲಾಗದ ದಡ್ಡ' ಎಂದು ಕೈಬಿಟ್ಟಿದ್ದರೆ ನಮಗೆ ನೃಪತುಂಗನೂ ಇಲ್ಲ, 'ಕವಿರಾಜಮಾರ್ಗ'ವೂ ಇಲ್ಲ. ಅವನು ಸೋತದ್ದು ಸೋಮಾರಿತನದಿಂದಲ್ಲ. ಹೊರೆ ವಯಸ್ಸಿಗೆ ಮೀರಿದ್ದಾಗಿತ್ತು. ಹೊಲದ ಕೆಲಸ ಮುಗಿಸಿ, ದನ ಕಟ್ಟಿ, ರಾತ್ರಿ ಓದಲು ಕೂರುವ ನಮ್ಮ ಮಕ್ಕಳಲ್ಲೂ ಅನೇಕರ ಕಥೆ ಅದೇ ಅಲ್ಲವೆ?

ಮುಂದೆ ಪ್ರಜೆಗಳಿಗೆ ಕೇಡು ಬಂದಾಗ ಅವನು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನು ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ. ಅದನ್ನು ಇಂದು ಯಾರೂ ಅನುಕರಿಸಬೇಕಾಗಿಲ್ಲ. ಆದರೆ ಹೊತ್ತಿಗೆ ಒದಗಿದ ಸಹಾಯದಿಂದ ಬದುಕಿದವನು, ಹೊತ್ತು ಬಂದಾಗ ತಾನೂ ಕೊಡಲು ಮುಂದಾದ ಎಂಬುದು ಮನಸ್ಸಿನಲ್ಲಿ ಉಳಿಯುವ ಸಂಗತಿ.

ಮನೆಯಲ್ಲಿ ಹೀಗೆ ಮಾಡಬಹುದು

'ದೇಶ ಸುತ್ತಬೇಕು, ಕೋಶ ಓದಬೇಕು' ಎನ್ನುತ್ತಾರೆ. ಒಂದು ಪುಸ್ತಕವನ್ನಾದರೂ ನಿಧಾನವಾಗಿ, ಮನಸ್ಸಿಟ್ಟು ಓದುವುದು ಮುಖ್ಯ. ಅದು ರತ್ನಮಾಲಿಕೆಯೇ ಆಗಬೇಕೆಂದಿಲ್ಲ. ವಚನಗಳಿರಬಹುದು, 'ಮಂಕುತಿಮ್ಮನ ಕಗ್ಗ'ವಿರಬಹುದು, ಹಿರಿಯರೊಬ್ಬರ ಜೀವನಚರಿತ್ರೆಯಿರಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಅಲ್ಲಿ ಕೇಳಿದರೆ ಇಂಥದೊಂದು ಪುಸ್ತಕ ಸಿಕ್ಕೀತು.

ವಿದ್ಯಾರ್ಥಿಗಳು ವಾರಕ್ಕೆ ಒಂದೇ ಪ್ರಶ್ನೆ ಆರಿಸಿಕೊಳ್ಳಲಿ. ಹಳೆಯ ನೋಟುಬುಕ್ಕಿನ ಖಾಲಿ ಹಾಳೆಯಲ್ಲಿ ತಮ್ಮದೇ ಮಾತಿನಲ್ಲಿ ಎರಡು ಸಾಲಿನ ಉತ್ತರ ಬರೆಯಲಿ. ಮೂರು ತಿಂಗಳ ಮೇಲೆ ಹಿಂದಿನ ಉತ್ತರವನ್ನು ನೋಡದೆ ಅದೇ ಪ್ರಶ್ನೆಗೆ ಮತ್ತೆ ಬರೆದು, ಎರಡನ್ನೂ ಹೋಲಿಸಲಿ. ತಾವು ಎಷ್ಟು ಬೆಳೆದಿದ್ದೇವೆಂದು ಆ ಹಾಳೆಯೇ ಹೇಳುತ್ತದೆ. ಸ್ವಂತ ಮಾತಿನಲ್ಲಿ ಬರೆಯುವ ಈ ರೂಢಿ ಪರೀಕ್ಷೆಯ ಹಾಳೆಯ ಮೇಲೂ ಉಪಕಾರಕ್ಕೆ ಬರದೆ ಹೋಗದು.

ಶಾಲೆಯ ಮುಖ ನೋಡದ ತಂದೆತಾಯಿಗಳು 'ನಮಗೇನು ಗೊತ್ತಾಗ್ತದ್ರೀ' ಎಂದು ಹಿಂಜರಿಯಬೇಕಾಗಿಲ್ಲ. ಓದದೆಯೂ ಕಾವ್ಯದ ಮರ್ಮ ಬಲ್ಲ ಜಾಣರೆಂದು ಕನ್ನಡದ ಜನರನ್ನು ಹೊಗಳಿದ್ದು ಇದೇ ನೆಲದ 'ಕವಿರಾಜಮಾರ್ಗ'. ರಾತ್ರಿ ರೊಟ್ಟಿ ಊಟವಾದ ಮೇಲೆ ಮಗ ಅಥವಾ ಮಗಳು ಒಂದು ಪ್ರಶ್ನೆ ಓದಲಿ. ಅವ್ವ-ಅಪ್ಪ, ಅಜ್ಜ-ಅಜ್ಜಿ ತಮಗೆ ತೋಚಿದ್ದನ್ನು ಹೇಳಲಿ. ನಾಲ್ಕು ಬೇಸಿಗೆ, ನಾಲ್ಕು ಬರ ಕಂಡವರ ಉತ್ತರ ಪುಸ್ತಕದ ಉತ್ತರಕ್ಕೆ ಕಡಿಮೆಯದೇನಲ್ಲ. ಅಲ್ಲಿ ಅಂಕ ಹಾಕುವವರು ಯಾರೂ ಇರಬಾರದು, ಅಷ್ಟೆ.

ಫಲಿತಾಂಶದ ದಿನ ಪ್ರತಿ ವರ್ಷ ಬರುತ್ತದೆ. ಮೊದಲ ಪರೀಕ್ಷೆ ಕೈಕೊಟ್ಟರೆ ಎರಡನೆಯದು ಇದ್ದೇ ಇದೆ. ಬೆಲೆ ಕಟ್ಟಲಾಗದ್ದು ಯಾವುದು ಎಂದು ಪುಸ್ತಕ ಕೇಳಿತ್ತಲ್ಲ, ಅದಕ್ಕೆ ಉತ್ತರ ಕೊಡಬೇಕಾದವರು ಆ ದಿನ ತಂದೆತಾಯಿಗಳೇ. ಬಾಗಿಲ ಬಳಿ ತಲೆ ತಗ್ಗಿಸಿ ನಿಂತ ಮಗುವಿಗೆ, ಹೊತ್ತಿಗೆ ಸರಿಯಾಗಿ, 'ಇರಲಿ ಬಾ, ಮೊದಲು ಉಣ್ಣು, ಮುಂದಿಂದು ಕೂಡಿ ನೋಡೋಣ' ಎನ್ನುವ ಮಾತು ಸಾಕು.