ಕೀ ಉತ್ತರದ ಅಂಕ: ನಂಬಿಕೆ ಏನು, ನಿಜ ಏನು?

ಒಎಂಆರ್ ಹಾಳೆ ಯಂತ್ರದೊಳಗೆ ಹೋಗಿ ಬಂದರೆ ಸಾಕು, ಅಂಕ ತಾನಾಗಿಯೇ ಬರುತ್ತದೆ, ಅದರಲ್ಲಿ ಮನುಷ್ಯರ ಕೈವಾಡವೇ ಇಲ್ಲ ಎಂಬ ನಂಬಿಕೆ ಪೋಷಕರಲ್ಲೂ ಶಿಕ್ಷಕರಲ್ಲೂ ಇದೆ. ಆದರೆ ಯಾವ ಆಯ್ಕೆಗೆ ಎಷ್ಟು ಅಂಕ ಎಂಬುದನ್ನು ತಂತ್ರಾಂಶಕ್ಕೆ ಮೊದಲೇ ಯಾರಾದರೂ ಹೇಳಿಕೊಡಬೇಕು. ಮಕ್ಕಳ ರ‍್ಯಾಂಕ್ ನಿಂತಿರುವುದು ಕೀ ಉತ್ತರ ಎಂಬ ಆ ಪಟ್ಟಿಯ ಮೇಲೆ. ಅದರ ಬಗ್ಗೆ ಇರುವ ಕೆಲವು ತಪ್ಪು ಕಲ್ಪನೆಗಳನ್ನು ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಕೀ ಉತ್ತರ ಎಂದರೆ ಸರಿಯಾದ ಆಯ್ಕೆಯ ಸಂಖ್ಯೆ, ಅಷ್ಟೇ.

ಸತ್ಯ: ಯಂತ್ರಕ್ಕೆ ಸರಿ ತಪ್ಪು ತಿಳಿಯದು. ಯಾವ ವೃತ್ತ ಕಪ್ಪಾಗಿದೆ ಎಂಬುದನ್ನಷ್ಟೇ ಅದು ಓದುತ್ತದೆ. ಅಂಕ ಹುಟ್ಟುವುದು ಪ್ರತಿ ಆಯ್ಕೆಗೆ ನಾವು ಕೊಟ್ಟ ಮೌಲ್ಯದಿಂದ. ಉದಾಹರಣೆಗೆ, ಮೂಡಲ್ ತಂತ್ರಾಂಶದಲ್ಲಿ ಪ್ರತಿ ಆಯ್ಕೆಯ ಜೊತೆಗೂ ಶೇಕಡಾವಾರು ಮೌಲ್ಯ ನಮೂದಿಸಬಹುದು: ಪೂರ್ಣ ಸರಿಗೆ 100, ಅರೆ ಸರಿಗೆ 50, ತಪ್ಪಿಗೆ 0 ಅಥವಾ ಮೈನಸ್ 25.

ಈ ನಿರ್ಧಾರದ ತೂಕ ಎಷ್ಟೆಂಬುದು 2024ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಕಂಡಿತು. ಪರಮಾಣುಗಳ ಸ್ಥಿರತೆಯ ಕುರಿತ ಭೌತವಿಜ್ಞಾನದ ಪ್ರಶ್ನೆಯೊಂದಕ್ಕೆ ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು. ಪರೀಕ್ಷೆ ನಡೆಸಿದ ಎನ್‌ಟಿಎ ಎರಡಕ್ಕೂ 4 ಅಂಕ ಕೊಟ್ಟಿತು. ಸುಪ್ರೀಂ ಕೋರ್ಟ್ ಸೂಚನೆಯಂತೆ ಪರಿಶೀಲಿಸಿದ ದೆಹಲಿ ಐಐಟಿಯ ಮೂವರು ತಜ್ಞರು ನಾಲ್ಕನೇ ಆಯ್ಕೆಯೊಂದೇ ಸರಿ ಎಂದರು. ಹಳೆಯ ಪುಸ್ತಕದ ಉತ್ತರ ಗುರುತಿಸಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ತಲಾ 5 ಅಂಕ ಕಡಿಮೆಯಾಯಿತು: ಬಂದಿದ್ದ 4 ಹೋಯಿತು, ತಪ್ಪಿಗೆಂದು ಮತ್ತೆ 1 ಕಡಿತವಾಯಿತು. 720ಕ್ಕೆ 720 ಪಡೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು. ಯಾರ ಉತ್ತರ ಹಾಳೆಯೂ ಬದಲಾಗಿರಲಿಲ್ಲ. ಬದಲಾದದ್ದು ಒಂದು ಆಯ್ಕೆಗೆ ಕೊಟ್ಟ ಅಂಕ ಮಾತ್ರ.

ತಪ್ಪು ಕಲ್ಪನೆ 2: ಮೈನಸ್ ಅಂಕ ಇಟ್ಟರೆ ಊಹೆಯಿಂದ ಲಾಭವಿಲ್ಲ.

ಸತ್ಯ: ಆಯ್ಕೆಗಳು ಎಷ್ಟು, ಕಡಿತ ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಸರಿಗೆ 4, ತಪ್ಪಿಗೆ ಮೈನಸ್ 1 ಇರುವ ಕಡೆ ನಾಲ್ಕು ಆಯ್ಕೆಗಳ ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. 4ರಲ್ಲಿ 3 ಕಳೆದರೂ 1 ಅಂಕ ಉಳಿಯುತ್ತದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಂತೆ ಮೂರನೇ ಒಂದು ಭಾಗ ಕಡಿತವಿದ್ದರೆ ಮಾತ್ರ ನಾಲ್ಕು ಆಯ್ಕೆಗಳ ಕುರುಡು ಊಹೆಯ ಸರಾಸರಿ ಸೊನ್ನೆಯಾಗುತ್ತದೆ. ಐದು ಆಯ್ಕೆಗಳಿದ್ದರೆ ಕಾಲು ಭಾಗದ ಕಡಿತ ಸಾಕು. ಒಂದೆರಡು ಆಯ್ಕೆಗಳು ತಪ್ಪೆಂದು ಖಚಿತವಾಗಿ ಗೊತ್ತಿರುವವರಿಗೆ ಆಗಲೂ ಊಹೆಯಿಂದ ಲಾಭವಿದೆ. ಅದು ಅವರಿಗಿರುವ ಅಷ್ಟಿಷ್ಟು ತಿಳಿವಳಿಕೆಗೆ ಸಿಗುವ ಫಲ, ಅನ್ಯಾಯವಲ್ಲ.

ತಪ್ಪು ಕಲ್ಪನೆ 3: ಖಾಲಿ ಬಿಟ್ಟರೂ ಸೊನ್ನೆ, ತಪ್ಪಾದರೂ ಸೊನ್ನೆ, ಎರಡೂ ಒಂದೇ.

ಸತ್ಯ: ಸಿಇಟಿಯಂತೆ ಮೈನಸ್ ಇಲ್ಲದ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಒಟ್ಟು ಅಂಕಕ್ಕೆ ವ್ಯತ್ಯಾಸವಾಗದು, ನಿಜ. ವಿಶ್ಲೇಷಣೆಗೆ ಮಾತ್ರ ಬಹಳ ವ್ಯತ್ಯಾಸವಿದೆ. ಕೊನೆಯ ಹತ್ತು ಪ್ರಶ್ನೆಗಳನ್ನು ಬಹುಪಾಲು ಮಕ್ಕಳು ಖಾಲಿ ಬಿಟ್ಟಿದ್ದರೆ ಅವರಿಗೆ ಸಮಯ ಸಾಲದೆ ಹೋಗಿರಬಹುದು. ಅವನ್ನೆಲ್ಲ ತಪ್ಪಿನ ಲೆಕ್ಕಕ್ಕೆ ಸೇರಿಸಿದರೆ ಸುಲಭದ ಪ್ರಶ್ನೆಯೂ ಕಠಿಣವೆಂದು ವರದಿಯಾಗುತ್ತದೆ. ಖಾಲಿಗೆ ಒಂದು, ಎರಡು ವೃತ್ತ ತುಂಬಿದ್ದಕ್ಕೆ ಇನ್ನೊಂದು ಸಂಕೇತ ಇಟ್ಟುಕೊಳ್ಳಲೇಬೇಕು.

ತಪ್ಪು ಕಲ್ಪನೆ 4: ಪ್ರಶ್ನೆಯೇ ತಪ್ಪಾಗಿದ್ದರೆ ಎಲ್ಲರಿಗೂ ಅಂಕ ಕೊಡುವುದೂ ಒಂದೇ, ಪ್ರಶ್ನೆಯನ್ನು ಕೈಬಿಡುವುದೂ ಒಂದೇ.

ಸತ್ಯ: 60 ಅಂಕದ ಪರೀಕ್ಷೆಯಲ್ಲಿ ಒಬ್ಬಳು 20 ಅಂಕ ಪಡೆದಿದ್ದಾಳೆ, ಒಂದು ಅಂಕದ ವಿವಾದಿತ ಪ್ರಶ್ನೆಗೆ ಅವಳಿಗೆ ಅಂಕ ಬಂದಿಲ್ಲ ಎಂದುಕೊಳ್ಳಿ. ಎಲ್ಲರಿಗೂ ಅಂಕ ಕೊಟ್ಟರೆ ಅವಳದು 60ಕ್ಕೆ 21, ಸರಿಯಾಗಿ ಶೇ. 35. ಪ್ರಶ್ನೆ ಕೈಬಿಟ್ಟರೆ 59ಕ್ಕೆ 20, ಶೇ. 34ಕ್ಕೂ ಕಡಿಮೆ. ಉತ್ತೀರ್ಣಕ್ಕೆ ಶೇ. 35 ಬೇಕಿದ್ದರೆ ಮೊದಲ ದಾರಿಯಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಕರ್ನಾಟಕದ 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಇಂಥ ಹೊತ್ತಿನಲ್ಲಿ ಯಾವ ದಾರಿ, ಏಕೆ ಎಂಬುದನ್ನು ಬಹಿರಂಗವಾಗಿ ಹೇಳುವುದು ಪರೀಕ್ಷೆ ನಡೆಸುವವರ ಕರ್ತವ್ಯ.

ತಪ್ಪು ಕಲ್ಪನೆ 5: ವಿಶ್ಲೇಷಣೆ ಫಲಿತಾಂಶದ ನಂತರದ ಕೆಲಸ.

ಸತ್ಯ: ಅದರ ದೊಡ್ಡ ಉಪಯೋಗ ಇರುವುದು ಫಲಿತಾಂಶಕ್ಕೆ ಮೊದಲೇ. ಒಟ್ಟಾರೆ ಚೆನ್ನಾಗಿ ಬರೆದ ಮಕ್ಕಳು ಒಂದು ಪ್ರಶ್ನೆಗೆ ಮಾತ್ರ ಕೀ ಉತ್ತರದಲ್ಲಿರುವ ಆಯ್ಕೆ ಬಿಟ್ಟು ಬೇರೊಂದನ್ನು ಆರಿಸಿದ್ದರೆ, ಆ ಪ್ರಶ್ನೆಯ ಡಿಸ್ಕ್ರಿಮಿನೇಷನ್ ಇಂಡೆಕ್ಸ್ (ಚೆನ್ನಾಗಿ ಬರೆದವರನ್ನು ಉಳಿದವರಿಂದ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬ ಸೂಚ್ಯಂಕ) ಮೈನಸ್‌ಗೆ ಇಳಿಯಬಹುದು. 2 ಎಂದು ಬರೆಯುವಲ್ಲಿ 3 ಎಂದು ಬರೆದ ಕೈತಪ್ಪು ಹೀಗೆಯೇ ಸಿಕ್ಕಿಬೀಳುತ್ತದೆ. ಆದರೆ ತಂತ್ರಾಂಶ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಕೀ ತಪ್ಪೋ, ಪ್ರಶ್ನೆಯ ಭಾಷೆ ಗೊಂದಲವೋ, ಪಾಠವೇ ತಪ್ಪಾಗಿ ತಲುಪಿತ್ತೋ ಎಂಬುದನ್ನು ವಿಷಯ ಬಲ್ಲ ಶಿಕ್ಷಕರೇ ಕೂತು ನೋಡಬೇಕು.

ಶಾಲೆಯ ಕಿರುಪರೀಕ್ಷೆಗೂ ಈ ಎಚ್ಚರ ಬೇಕು. ಆಯ್ಕೆಗಳ ಅಂಕವನ್ನು ಒಬ್ಬರು ನಮೂದಿಸಲಿ, ಇನ್ನೊಬ್ಬರು ತಾಳೆ ನೋಡಲಿ. ಒಂದು ಮಾದರಿ ಹಾಳೆಯನ್ನು ಓಡಿಸಿ, ಬಂದ ಮೊತ್ತವನ್ನು ಕೈಲೆಕ್ಕದೊಂದಿಗೆ ಹೋಲಿಸಲಿ. ಕೀ ಉತ್ತರ ಪ್ರಕಟಿಸಿ, ಮಕ್ಕಳ ಆಕ್ಷೇಪಣೆ ಕೇಳಿದ ಮೇಲೆಯೇ ಅಂಕ ಅಂತಿಮವಾಗಲಿ. ವರ್ಷವಿಡೀ ಓದಿದ ಮಗುವಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ ಇದು.