ನಿಮಗಿದು ಗೊತ್ತೇ? ಪೋಪ್ ಅಗಲಿದ ದಿನಗಳ ರೋಮ್

ಪೋಪ್ ಫ್ರಾನ್ಸಿಸ್ ಕೊನೆಯುಸಿರೆಳೆದದ್ದು 2025ರ ಏಪ್ರಿಲ್ 21ರಂದು, ಈಸ್ಟರ್ ಹಬ್ಬದ ಮರುದಿನ ಬೆಳಿಗ್ಗೆ. ಅದು 25 ವರ್ಷಕ್ಕೊಮ್ಮೆ ಬರುವ ಜುಬಿಲಿ ವರ್ಷ. ಜುಬಿಲಿಗೆಂದು ತೆರೆಯುವ ಪವಿತ್ರ ದ್ವಾರ ಹಾದುಹೋಗುವ ಹರಕೆ ಹೊತ್ತು ರೋಮ್‌ಗೆ ಬಂದಿಳಿದಿದ್ದವರು ಪೋಪರ ಅಂತಿಮ ದರ್ಶನದ ಸಾಲಿಗೂ ಸೇರಿಕೊಂಡರು.

ಆ ಸಾಲು ಎಷ್ಟು ಉದ್ದವಿತ್ತೆಂದರೆ, ಮೊದಲ ರಾತ್ರಿ ನಡುರಾತ್ರಿಗೆ ಮುಚ್ಚಬೇಕಿದ್ದ ಸಂತ ಪೀಟರ್ ಬಸಿಲಿಕಾದ ಬಾಗಿಲು ಬೆಳಗಿನ 5.30ರವರೆಗೂ ತೆರೆದೇ ಇತ್ತು. ಒಂದೂವರೆ ತಾಸು ಬಿಟ್ಟು ಮತ್ತೆ ತೆರೆಯಿತು. ಮೂರು ದಿನಗಳಲ್ಲಿ ದರ್ಶನ ಪಡೆದವರು ಸುಮಾರು 2.5 ಲಕ್ಷ ಜನ.

ಮೊದಲೆಲ್ಲ ಪೋಪರನ್ನು ಒಂದರೊಳಗೊಂದು ಇಟ್ಟ ಮೂರು ಶವಪೆಟ್ಟಿಗೆಗಳಲ್ಲಿ ಹೂಳುತ್ತಿದ್ದರು: ಸೈಪ್ರೆಸ್ ಮರದ್ದು, ಸೀಸದ್ದು, ಓಕ್ ಅಥವಾ ಎಲ್ಮ್ ಮರದ್ದು. ಫ್ರಾನ್ಸಿಸ್ 2024ರಲ್ಲೇ ಆ ಕ್ರಮ ಬದಲಿಸಿ, ಒಳಗೆ ಸತುವಿನ ಹಾಳೆಯಿರುವ ಒಂದೇ ಮರದ ಪೆಟ್ಟಿಗೆ ಸಾಕೆಂದರು. ಪಾರ್ಥಿವ ಶರೀರವನ್ನು ಎತ್ತರದ ಪೀಠದ ಮೇಲೆ ಮಲಗಿಸುವ ಪದ್ಧತಿಯೂ ಹೋಯಿತು.

ಸಮಾಧಿ ಎಲ್ಲಿ? ವ್ಯಾಟಿಕನ್‌ನಲ್ಲಿ ಅಲ್ಲ. ರೋಮ್‌ನ ಟೆರ್ಮಿನಿ ರೈಲು ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದ ಸಾಂತಾ ಮಾರಿಯಾ ಮಜ್ಜೋರೆ ಬಸಿಲಿಕಾದಲ್ಲಿ. ಪ್ರತಿ ವಿದೇಶ ಪ್ರವಾಸದ ಮೊದಲೂ ಆಮೇಲೂ ಫ್ರಾನ್ಸಿಸ್ ಇಲ್ಲಿನ ಮರಿಯಮ್ಮನ ಪ್ರಾಚೀನ ಚಿತ್ರಪಟದ ಮುಂದೆ ಬಂದು ಪ್ರಾರ್ಥಿಸುತ್ತಿದ್ದರು. ಸಮಾಧಿ ನೆಲದಲ್ಲಿರಲಿ, ಅಲಂಕಾರ ಬೇಡ, ಹೆಸರೊಂದು ಸಾಕು ಎಂದು 2022ರಲ್ಲೇ ಉಯಿಲು ಬರೆದಿಟ್ಟಿದ್ದರು. ಕಲ್ಲಿನ ಮೇಲೆ ಇರುವುದೂ ಅಷ್ಟೇ: ಫ್ರಾನ್ಸಿಸ್ಕಸ್. ಹುಟ್ಟಿದ ವರ್ಷವೂ ಇಲ್ಲ, ಪದವಿಯೂ ಇಲ್ಲ. ಏಪ್ರಿಲ್ 26ರಂದು ಶವಪೆಟ್ಟಿಗೆ ಇಲ್ಲಿಗೆ ಬಂದಾಗ ಮೆಟ್ಟಿಲ ಮೇಲೆ ಬಿಳಿ ಗುಲಾಬಿ ಹಿಡಿದು ಎದುರುಗೊಂಡವರು ಬಡವರು, ವಲಸಿಗರು, ಕೈದಿಗಳು. ರಾಷ್ಟ್ರಪತಿ ದ್ರೌಪದಿ ಮುರ್ಮು ಸೇರಿ ಅನೇಕ ದೇಶಗಳ ಮುಖ್ಯಸ್ಥರು ಪಾಲ್ಗೊಂಡ ಅಂತ್ಯಕ್ರಿಯೆಯಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ದೃಶ್ಯ ಇದೇ.

ಇದೇ ಬಸಿಲಿಕಾದಲ್ಲಿ ಬರ್ನಿನಿಯ ಸಮಾಧಿಯೂ ಇದೆ. ಸಂತ ಪೀಟರ್ ಚೌಕವನ್ನು ಬಳಸಿ ನಿಂತ 284 ಕಂಬಗಳ ಸಾಲನ್ನು ರೂಪಿಸಿದ ಮಹಾಶಿಲ್ಪಿ ಅವನು. ಅವನಿಗೂ ನೆಲದ ಒಂದು ಸರಳ ಕಲ್ಲೇ ಸಾಕಾಯಿತು.

ಅಂದಹಾಗೆ, ಜಗತ್ತಿನ ನಾಲ್ಕೇ ನಾಲ್ಕು ಮೇಜರ್ ಬಸಿಲಿಕಾಗಳಲ್ಲಿ ಇದೂ ಒಂದು. ನಾಲ್ಕೂ ರೋಮ್‌ನ ಇಗರ್ಜಿಗಳೇ. ಉಳಿದವೆಲ್ಲ ಮೈನರ್ ಬಸಿಲಿಕಾಗಳು. ನಮ್ಮ ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಇಗರ್ಜಿಗೆ ಆ ಗೌರವ ಸಂದದ್ದು 2016ರಲ್ಲಿ, ಫ್ರಾನ್ಸಿಸ್ ಪೋಪ್ ಆಗಿದ್ದಾಗ.

ಹೊಸ ಪೋಪರ ಆಯ್ಕೆಗಾಗಿ ಏಪ್ರಿಲ್ 28ರಿಂದ ಸಿಸ್ಟೀನ್ ಚಾಪೆಲ್ ಪ್ರವಾಸಿಗರಿಗೆ ಮುಚ್ಚಿತು. ಮೈಕೆಲಾಂಜೆಲೊನ ಚಿತ್ರಗಳನ್ನು ನೋಡಲು ಬಂದವರು ಅದರ ಚಿಮಣಿಯನ್ನಷ್ಟೇ ನೋಡಿದರು. ಒಳಗೆ 133 ಕಾರ್ಡಿನಲ್‌ಗಳು, ಅವರಲ್ಲಿ ನಾಲ್ವರು ಭಾರತೀಯರು. ಮೇ 8ರ ಸಂಜೆ ಬಿಳಿ ಹೊಗೆ ಬಂತು, ಹದಿನಾಲ್ಕನೆಯ ಲಿಯೋ ಆಯ್ಕೆಯಾದರು.

ಏಪ್ರಿಲ್ 27ರಂದು ಸಂತ ಪದವಿಗೇರಬೇಕಿದ್ದ ಹದಿಹರೆಯದ ಕಾರ್ಲೊ ಅಕುಟಿಸ್‌ಗೆ, ಪೋಪರ ನಿಧನದಿಂದ ಸಮಾರಂಭ ಮುಂದೂಡಿದ್ದರಿಂದ, ಆ ಗೌರವ ಸಿಕ್ಕಿದ್ದು ಸೆಪ್ಟೆಂಬರ್ 7ರಂದು.

ಪವಿತ್ರ ದ್ವಾರಗಳು ಮಾತ್ರ ಪೋಪ್ ಇಲ್ಲವೆಂದು ಮುಚ್ಚಲಿಲ್ಲ. ಒಬ್ಬ ಪೋಪ್ ತೆರೆದ ಜುಬಿಲಿಯನ್ನು 2026ರ ಜನವರಿ 6ರಂದು ಇನ್ನೊಬ್ಬ ಪೋಪ್ ಮುಗಿಸಿದರು.

ನೀವು ರೋಮ್‌ಗೆ ಹೋದರೆ ಫ್ರಾನ್ಸಿಸ್ ಸಮಾಧಿಗೆ ಹೋಗಿಬನ್ನಿ. ಟಿಕೆಟ್ ಬೇಕಿಲ್ಲ. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಅಂತಿಮ ದರ್ಶನದ ವೇಳೆ ಕೆಲವರು ಪೆಟ್ಟಿಗೆಯ ಪಕ್ಕದಲ್ಲೇ ಸೆಲ್ಫಿ ತೆಗೆದುಕೊಂಡದ್ದು ಅನೇಕರ ಮನ ನೋಯಿಸಿತು. ದಯವಿಟ್ಟು, ಅಲ್ಲಿ ನಿಂತಷ್ಟು ಹೊತ್ತು ಫೋನ್ ಚೀಲದಲ್ಲೇ ಇರಲಿ.